ಅತ್ತೆಯ ಗುಂಡಿನ ಅಚ್ಚು

ನಿಮ್ಮ ಅತ್ತೆ ಜೋರಾ? ಇರಲಿ ಬಿಡಿ. ಬಾಯಿ ಸ್ವಲ್ಪ ಜೋರಿರಬಹುದು, ನಿಮ್ಮ ತವರಿನವರು ಬಂದ ದಿನ ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ಸ್ವಲ್ಪ ಹೆಚ್ಚಾಗಬಹುದು. ಅಷ್ಟಕ್ಕೇ ನೀವು ಪಕ್ಕದ ಮನೆಯವರ ಮುಂದೆ ಮೂಗು ಒರೆಸಿಕೊಳ್ಳುತ್ತಾ ಕೂರುತ್ತೀರಿ. ನಮ್ಮತ್ತೆಯ ಹತ್ತಿರ ರಿವಾಲ್ವರ್ ಇದೆ! ಅದೂ ಪರವಾನಗಿ ಸಮೇತ!

ಸಂಬಂಧ ತಂದವರು ನಮ್ಮಪ್ಪನಿಗೆ ಈ ವಿಷಯ ಹೇಳಿರಲಿಲ್ಲ. "ಹುಡುಗನ ತಾಯಿ ಪರಮ ಸಾತ್ವಿಕರು, ಲಿಂಗಪೂಜೆ ಆಗದೆ ತೊಟ್ಟು ನೀರು ಕುಡಿಯೋದಿಲ್ಲ, ಇರುವೆ ಸಾಲು ಕಂಡರೆ ಸುತ್ತು ಹಾಕಿಕೊಂಡು ಹೋಗ್ತಾರೆ" ಎಂದಷ್ಟೇ ಹೇಳಿದ್ದರು. ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಈಗಲೂ ಬಚ್ಚಲಲ್ಲಿ ಜಿರಳೆ ಕಂಡರೆ ನಮ್ಮತ್ತೆ ಮನೆ ಹಾರಿಹೋಗುವ ಹಾಗೆ ಕಿರುಚುತ್ತಾರೆ. ಆಗ ನಾನು ಓಡಿಹೋಗಿ ಅದನ್ನು ಒಂದು ರಟ್ಟಿನ ಮೇಲೆ ಹತ್ತಿಸಿಕೊಂಡು ಹಿತ್ತಲಿಗೆ ಬಿಟ್ಟು ಬರಬೇಕು. "ಹೊಡೀಬೇಡ ಕಣಮ್ಮ, ಪಾಪ, ಅದಕ್ಕೂ ಸಂಸಾರ ಇರ್ತದೆ" ಎಂದು ಕುರ್ಚಿಯ ಮೇಲೆ ನಿಂತುಕೊಂಡೇ ಉಪದೇಶ ಮಾಡುತ್ತಾರೆ. ಇದೇ ಮಹಾತಾಯಿ ಭಾನುವಾರ ಬೆಳಗಾದರೆ ಹಣೆ ತುಂಬ ವಿಭೂತಿ ಬಳಿದು, ಸೆರಗನ್ನು ಸೊಂಟಕ್ಕೆ ಬಿಗಿದು, ತುರುಬು ನಲುಗದ ಹಾಗೆ ಕಿವಿಗೆ ದಪ್ಪ ಮುಚ್ಚಳಗಳನ್ನು ಹಾಕಿಕೊಂಡು, ರೈಫಲ್ ಕ್ಲಬ್ಬಿನಲ್ಲಿ ಕಾಗದದ ಗುರಿಗೆ ಢಂ ಢಂ ಎಂದು ಹೊಡೆಯುತ್ತಾರೆ! ಗುರಿಯ ನಡುವಿನ ಕಪ್ಪು ವೃತ್ತಕ್ಕೆ ಎಲ್ಲರೂ ಇಂಗ್ಲಿಷಿನಲ್ಲಿ ಏನೋ ಅನ್ನುತ್ತಾರೆ, ಇವರು ಮಾತ್ರ 'ಬೊಟ್ಟು' ಅನ್ನುತ್ತಾರೆ. ಈಗ ಇಡೀ ಕ್ಲಬ್ಬೇ ಹಾಗನ್ನಲು ಶುರುಮಾಡಿದೆ.

ಆ ರಿವಾಲ್ವರ್ ಅವರ ತಂದೆಯದು. ಅವರು ಸಂತೆಪೇಟೆಯಲ್ಲಿ ಬೆಲ್ಲದ ಮಂಡಿ ಇಟ್ಟಿದ್ದರು. ಸಂಜೆ ಗಲ್ಲಾದ ಹಣ ಹೊತ್ತು ಮನೆಗೆ ನಡೆದು ಬರುವಾಗ ಇರಲಿ ಎಂದು ಪರವಾನಗಿ ಮಾಡಿಸಿದ್ದರಂತೆ. ಜೀವಮಾನದಲ್ಲಿ ಒಂದೇ ಒಂದು ಗುಂಡನ್ನೂ ಹಾರಿಸದೆ ಲಿಂಗೈಕ್ಯರಾದರು. ಒಬ್ಬಳೇ ಮಗಳಿಗೆ ಬಂಗಾರದ ಜೊತೆ ಇದೂ ಬಂತು. ಮಗಳು ಬಂಗಾರವನ್ನು ಲಾಕರಿನಲ್ಲಿಟ್ಟು ಇದನ್ನು ಕೈಗೆತ್ತಿಕೊಂಡರು. ಚುನಾವಣೆ ಬಂದಾಗ ಪರವಾನಗಿ ಇರುವವರೆಲ್ಲ ತಮ್ಮ ಆಯುಧವನ್ನು ಠಾಣೆಗೆ ಒಪ್ಪಿಸಬೇಕಲ್ಲ, ಆಗ ನೀವು ನಮ್ಮತ್ತೆಯನ್ನು ನೋಡಬೇಕು! ಮಗಳನ್ನು ಗಂಡನ ಮನೆಗೆ ಕಳಿಸುವವರ ಹಾಗೆ ಅದಕ್ಕೆ ಕುಂಕುಮವಿಟ್ಟು, ಕರವಸ್ತ್ರದಲ್ಲಿ ಸುತ್ತಿ, ಕಣ್ಣು ಒರೆಸಿಕೊಳ್ಳುತ್ತಾ ಹೋಗುತ್ತಾರೆ. ಹೋದ ಸಲ ರಸೀತಿ ಬರೆಯುತ್ತಿದ್ದ ಪೊಲೀಸಿನವರಿಗೆ, "ಥಂಡಿ ಜಾಗದಲ್ಲಿ ಇಡ್ಬೇಡಪ್ಪ, ತುಕ್ಕು ಇಡೀತದೆ. ನಡುವೆ ಒಂದ್ಸಲ ಬಂದು ಎಣ್ಣೆ ಹಾಕ್ಲಾ?" ಎಂದು ಕೇಳಿದರು. ಆತ ಎದ್ದು ನಿಂತು, "ನಾನೇ ನೋಡ್ಕೋತೀನಿ ಬುಡಿ ಅಮ್ಮ" ಎಂದ.

ಕ್ಲಬ್ಬಿನಲ್ಲಿ ಬೇಸಿಗೆಯ ಕೊನೆಗೆ ಸ್ಪರ್ಧೆ ಇರುತ್ತದೆ. ಎಪ್ಪತ್ತು ದಾಟಿದ ಹೆಂಗಸರ ರಿವಾಲ್ವರ್ ವಿಭಾಗ ಎಂದು ಒಂದು ಮಾಡಿದ್ದಾರೆ. ಅದರಲ್ಲಿರುವವರು ನಮ್ಮತ್ತೆ ಒಬ್ಬರೇ. ಪ್ರತಿ ವರ್ಷವೂ ಮೊದಲನೇ ಸ್ಥಾನ. ಪ್ರತಿ ವರ್ಷವೂ ಕೊನೇ ಸ್ಥಾನ! "ಒಬ್ರೇ ಇದ್ರೂ ಸೋಲೋ ಭಯ ಇದ್ದೇ ಇರ್ತದೆ ಕಣಮ್ಮ" ಎಂದು ಅವರು ಗಂಭೀರವಾಗಿಯೇ ಹೇಳುತ್ತಾರೆ.

ಇಷ್ಟು ಅವರ ಪರಿಚಯ. ಈಗ ನನ್ನ ಕೈಯ ವಿಷಯ ಹೇಳಬೇಕು, ಅದಿಲ್ಲದೆ ಮುಂದಿನದು ನಿಮಗೆ ಅರ್ಥವಾಗುವುದಿಲ್ಲ.

ನಾನು ಒಂದು ಖಾಸಗಿ ಶಾಲೆಯಲ್ಲಿ ಚಿತ್ರಕಲೆ ಟೀಚರ್. ಹೋದ ಚಳಿಗಾಲದಲ್ಲಿ ಕೃಷ್ಣಮೂರ್ತಿಪುರಂನ ನಮ್ಮ ಮನೆಯ ತಿರುವಿನಲ್ಲೇ, ಯಾರೋ ಮನೆ ಕಟ್ಟಲು ಸುರಿದಿದ್ದ ಜಲ್ಲಿಯ ಮೇಲೆ ನನ್ನ ಸ್ಕೂಟರ್ ಜಾರಿತು. ಬಲಗೈ ಮಣಿಕಟ್ಟು ಮುರಿಯಿತು. ಮೂಳೆಯೇನೋ ಕೂಡಿತು. ಆದರೆ ಪಟ್ಟಿ ಬಿಚ್ಚಿದ ಮೇಲೆ ನೋಡಿದರೆ ಬೆರಳುಗಳು ನನ್ನವೇ ಅಲ್ಲ! ಮಡಿಸು ಅಂದರೆ ಮಡಿಯುವುದಿಲ್ಲ, ಚಮಚ ಕೊಟ್ಟರೆ ನಿಲ್ಲುವುದಿಲ್ಲ. ಡಾಕ್ಟರು, "ಎಲ್ಲಾ ಸರಿ ಇದೆ, ವ್ಯಾಯಾಮ ಮಾಡಿದರೆ ಹಿಡಿತ ಬರುತ್ತೆ, ಮಾಡದಿದ್ದರೆ ಹೀಗೇ ಗಟ್ಟಿಯಾಗಿಬಿಡುತ್ತೆ" ಎಂದರು. ಶಾಲೆಯವರು, "ಜೂನ್‌ಗೆ ಬ್ರಷ್ ಹಿಡಿಯೋ ಹಾಗಾದರೆ ಬನ್ನಿ ಮೇಡಂ, ಇಲ್ಲದಿದ್ದರೆ ಬೇರೆಯವರನ್ನು ನೋಡಿಕೊಳ್ತೀವಿ" ಎಂದು ಬಹಳ ಮರ್ಯಾದೆಯಿಂದ ತಿಳಿಸಿದರು.

ನಾನು ಏನು ಮಾಡಿದೆ? ಅಳುತ್ತಾ ಕೂತೆ. ವ್ಯಾಯಾಮಕ್ಕೆ ಕೂತರೆ ಪ್ರಾಣ ಹೋಗುವಷ್ಟು ನೋವು, ಎರಡು ಸಲ ಬೆರಳು ಮಡಿಸಿ ಸಾಕು ಎಂದು ಎದ್ದುಬಿಡುತ್ತಿದ್ದೆ. ನೋಡಲು ಬಂದವರ ಸಲಹೆಗಳೋ, ಕೇಳಲೇಬೇಡಿ! ಒಬ್ಬರು ಹರಳೆಣ್ಣೆ ಅಂದರು, ಒಬ್ಬರು ಬೇವಿನೆಣ್ಣೆ ಅಂದರು, ಗೋಕುಲಂನಲ್ಲಿರುವ ನಮ್ಮ ಓರಗಿತ್ತಿ, "ನಮ್ಮ ಬೀದಿಗೆ ದೇಶ ವಿದೇಶದಿಂದ ಯೋಗ ಕಲಿಯೋಕೆ ಬಂದು ತಲೆ ಕೆಳಗೆ ಮಾಡಿ ನಿಲ್ತಾರೆ, ನಿನಗೆ ಒಂದು ಕೈ ಮಡಿಸೋಕೆ ಏನೇ ಧಾಡಿ?" ಎಂದಳು. ನಮ್ಮ ಮನೆಯವರು ಮಾತ್ರ ಏನೂ ಅನ್ನದೆ ತಟ್ಟೆಗೆ ಅನ್ನ ಕಲಸಿ ಇಡುತ್ತಿದ್ದರು. ಅದಕ್ಕೆ ಇನ್ನಷ್ಟು ಅಳು ಬರುತ್ತಿತ್ತು.

ನಮ್ಮತ್ತೆ? ನನ್ನ ಕೈಯ ಬಗ್ಗೆ ಅವರು ತುಟಿ ಪಿಟಕ್ಕೆನ್ನಲಿಲ್ಲ. ಎಂಥ ಕಲ್ಲು ಮನಸ್ಸು ಅಂದುಕೊಂಡೆ. ಅವರಿಗೆ ಅವರದೇ ಚಿಂತೆ. ವರ್ಷಕ್ಕೆ ಇಷ್ಟೇ ಎಂದು ಸಿಗುವ ತೋಟಾಗಳನ್ನೆಲ್ಲ ಅಭ್ಯಾಸದಲ್ಲೇ ಮುಗಿಸಿಕೊಂಡಿದ್ದರು. ಸ್ಪರ್ಧೆಯ ದಿನಕ್ಕೆ ಕ್ಲಬ್ಬಿನವರು ಕೊಡುತ್ತಾರೆ, ಆದರೆ ಅಲ್ಲಿಯವರೆಗೆ? "ಕೈ ಜಡ್ಡು ಇಡೀತದೆ" ಎಂದು ಊಟದ ಹೊತ್ತಿನಲ್ಲಿ ನಿಟ್ಟುಸಿರು ಬಿಡುತ್ತಿದ್ದರು. ಯಾರ ಮುಂದೆ ಯಾರು ಹೇಳುವ ಮಾತು ನೋಡಿ!

ಯುಗಾದಿ ಕಳೆದ ಮೇಲೆ ಒಂದು ದಿನ, "ಹಳೇ ಹಿತ್ತಾಳೆ ಚೊಂಬು ನೋಡ್ಬೇಕು, ಜೊತೆಗ್ ಬಾ" ಎಂದು ನನ್ನನ್ನು ಉದಯಗಿರಿಯ ಒಂದು ಗುಜರಿ ಅಂಗಡಿಗೆ ಎಳೆದುಕೊಂಡು ಹೋದರು. ಗುಜರಿ ಅಂಗಡಿಯೆಂದರೆ ನಮ್ಮತ್ತೆಗೆ ತವರುಮನೆ. ಅಂಗಡಿಯ ಸಾಹೇಬರು, "ಬನ್ನಿ ಅಮ್ಮಾ, ಕುಂತ್ಕೊಳಿ, ಚಾ ತರಿಸ್ತೀನಿ" ಎಂದು ಸ್ಟೂಲು ಒರೆಸಿದರು. ಇವರು ಕೂರಲಿಲ್ಲ. ಸೆರಗು ಬಿಗಿದು, ಮುರಿದ ಫ್ಯಾನು, ಇಸ್ತ್ರಿಪೆಟ್ಟಿಗೆಗಳ ನಡುವೆ ತಲೆ ತೂರಿಸಿದರು. ಸ್ವಲ್ಪ ಹೊತ್ತಿಗೆ ಕೈಯಲ್ಲೊಂದು ತುಕ್ಕು ಹಿಡಿದ ವಸ್ತು ಹಿಡಿದು ಹೊರಬಂದರು. ಇಕ್ಕಳದ ಹಾಗೆ ಎರಡು ಮರದ ಹಿಡಿ, ತುದಿಯಲ್ಲಿ ಎರಡು ಕಬ್ಬಿಣದ ದಿಮ್ಮಿ.

"ಅದು ಅಡಕೊತ್ತು ಅಮ್ಮಾ" ಎಂದರು ಸಾಹೇಬರು. "ಹಳೇ ಕಾಲದ್ದು. ಒಳ್ಳೇ ಮಾಲು."

"ಇದ್ರಲ್ಲಿ ಅಡಿಕೆ ಕತ್ತರಿಸಿದ್ದೀರಾ ನೀವು?"

"ಇಲ್ಲ. ಅದಕ್ಕೇ ಇನ್ನೂ ಇಲ್ಲೇ ಬಿದ್ದದೆ."

ಅತ್ತೆ ಹಿಡಿಗಳನ್ನು ಅಗಲಿಸಿದರು. ದಿಮ್ಮಿಗಳು ಬಾಯಿ ಬಿಟ್ಟವು. ಒಳಗೆ ಎರಡು ಕಡೆಯೂ ಅರ್ಧರ್ಧ ಗೂಡು. ಮುಚ್ಚಿದರೆ ಮೇಲಿನ ಮುಚ್ಚಳದಲ್ಲೊಂದು ತೂತು. ಎಲೆ ಅಡಿಕೆಯ ಸಂಚಿಯಿಂದ ಒಂದು ಖಾಲಿ ತೋಟಾ ತೆಗೆದು ಆ ಗೂಡಿಗೆ ಹಿಡಿದು ನೋಡಿದರು. ನಮ್ಮತ್ತೆಯ ಸಂಚಿಯಲ್ಲಿ ಸುಣ್ಣದ ಡಬ್ಬಿ, ಲವಂಗ, ಖಾಲಿ ತೋಟಾ ಮೂರೂ ಯಾವಾಗಲೂ ಇರುತ್ತವೆ! ಇದ್ದಕ್ಕಿದ್ದಂತೆ ಅವರ ಮುಖ ಊರಗಲವಾಯಿತು.

"ಅಯ್ಯೋ ಶಿವನೇ! ಇದು ಗುಂಡು ಎರೆಯೋ ಅಚ್ಚು ಕಣ್ರೀ! ನನ್ ರಿವಾಲ್ವರಿಂದೇ ಅಳತೆ!"

ಅದನ್ನು ಅವರು ಕೂಗಿಯೇ ಹೇಳಿದ್ದು. ಅಂಗಡಿಯಲ್ಲಿದ್ದ ಗಿರಾಕಿಗಳಲ್ಲಿ ಒಬ್ಬ ಹಿಡಿದಿದ್ದ ಸೈಕಲ್ ಚಕ್ರವನ್ನು ಕೆಳಗಿಟ್ಟು ಹೊರಟೇಹೋದ. ಸಾಹೇಬರು ಬೆವರು ಒರೆಸಿಕೊಂಡು, "ಅಮ್ಮಾ, ಯಾರದೋ ಹಳೇ ಬಂಗ್ಲೆ ಸಾಮಾನಲ್ಲಿ ಬಂತು, ನಮಗೇನೂ ಗೊತ್ತಿಲ್ಲ. ತಗೊಂಡು ಹೋಗ್ಬಿಡಿ, ಪುಣ್ಯ ಬರ್ತದೆ" ಎಂದರು. ಅತ್ತೆ ಬಿಡಬೇಕಲ್ಲ! ಚೌಕಾಸಿ ಮಾಡದೆ ಯಾವುದನ್ನೂ ಕೊಂಡು ಅಭ್ಯಾಸವಿಲ್ಲದ ಅವರು, ಪುಕ್ಕಟೆ ಕೊಟ್ಟದ್ದಕ್ಕೂ ಚೌಕಾಸಿ ಮಾಡಿ ಎರೆಯಲು ಸೀಸ ಕೇಳಿದರು. ಯಾವುದೋ ಮುಚ್ಚಿಹೋದ ಮುದ್ರಣಾಲಯದ ಹಳೇ ಸೀಸದ ಅಚ್ಚುಮೊಳೆಗಳ ಚೀಲವೊಂದನ್ನು ಸಾಹೇಬರು ತಾವೇ ಹೊತ್ತು ತಂದು ಆಟೋದಲ್ಲಿಟ್ಟರು.

ದಾರಿಯುದ್ದಕ್ಕೂ ಅತ್ತೆ ಅಚ್ಚನ್ನು ಟಕ್ ಟಕ್ ಎಂದು ತೆಗೆದು ಮುಚ್ಚಿ ಮಾಡುತ್ತಿದ್ದರು. "ಏನಮ್ಮ ಅದು?" ಎಂದು ಕೇಳಿದ ಆಟೋದವನು. "ಗುಂಡು ಮಾಡೋದು ಕಣಪ್ಪ, ರಿವಾಲ್ವರ್‌ಗೆ" ಎಂದರು. ಆ ದಿನ ಆತ ಮೀಟರಿನ ಮೇಲೆ ಒಂದು ಪೈಸೆ ಹೆಚ್ಚು ಕೇಳಲಿಲ್ಲ!

ಮಾರನೇ ಬೆಳಿಗ್ಗೆ ಅಚ್ಚನ್ನು ಚೀಲದಲ್ಲಿಟ್ಟುಕೊಂಡು ಕ್ಲಬ್ಬಿಗೆ ಒಬ್ಬರೇ ಹೋದರು. ಗುಂಡನ್ನು ತೋಟಾಕ್ಕೆ ಕೂರಿಸಿ ಮದ್ದು ತುಂಬುವ ಕೆಲಸ ಮನೆಯಲ್ಲಿ ಮಾಡುವಂಥದ್ದಲ್ಲ, ಅಲ್ಲಿಯೇ ಏನಾದರೂ ಏರ್ಪಾಡು ಇದೆಯೇ ಎಂದು ಕೇಳಿ ಬರುತ್ತೇನೆ ಎಂದಿದ್ದರು. ಬಂದವರೇ ಜಗಲಿಯ ಮೇಲೆ ಕೂತು ನೀರು ಕುಡಿದರು. ನನ್ನ ಕಡೆ ಸ್ವಲ್ಪ ಹೊತ್ತು ನೋಡಿದರು.

"ಏನಂದ್ರು ಅತ್ತೆ?"

"ಎಲ್ಲಾ ಕೇಳ್ಕೊಂಡ್ ಬಂದೆ. ನಾಳೆಯಿಂದ ಎರೆಯೋಣ. ಆದ್ರೆ ನಂಗೊಬ್ಳಿಗೇ ಕೈ ಸಾಲ್ದು ಕಣಮ್ಮ. ನಾನು ಸೀಸ ಉಯ್ಯಬೇಕು, ಯಾರಾದ್ರೂ ಅಚ್ಚು ತೆಗೆದು ಮುಚ್ಚಬೇಕು. ನೀನ್ ಮಾಡ್ತೀಯಾ?"

"ಈ ಕೈಯಲ್ಲಾ?"

"ಇನ್ಯಾರವ್ವ ಅವ್ರೆ ನಂಗೆ? ನಿನ್ ಗಂಡ ಮತಾಪು ಹಚ್ಚೋಕೇ ಎದರ್ತಾನೆ."

ಅದೇನೋ ನಿಜ. ನಮ್ಮ ಮನೆಯವರು ದೀಪಾವಳಿಯಲ್ಲಿ ಕಿಟಕಿಯ ಒಳಗಿಂದ ಹಬ್ಬ ಆಚರಿಸುವವರು. ಒಪ್ಪಿಕೊಂಡೆ.

ಹಿತ್ತಲಿನಲ್ಲಿ ಕರಿಬೇವಿನ ಗಿಡದಿಂದ ದೂರ, ಗಾಳಿಯಾಡುವ ಕಡೆ ಇದ್ದಲು ಒಲೆ ಹೂಡಿದೆವು. ಒಂದು ಹಳೇ ಕಬ್ಬಿಣದ ಬಾಣಲೆಗೆ ಕೆಂಪು ಬಣ್ಣ ಬಳಿದು, "ಇದು ಇನ್ಮೇಲೆ ಅಡುಗೆಮನೆ ಹೊಸ್ಲು ತುಳಿಯೋ ಹಾಗಿಲ್ಲ, ಸೀಸ ಅಂದ್ರೆ ವಿಷ" ಎಂದು ಅತ್ತೆ ಶಾಸನ ಮಾಡಿದರು. ಇಬ್ಬರಿಗೂ ಮೂಗಿಗೆ ಮುಸುಕು, ಕಣ್ಣಿಗೆ ಕನ್ನಡಕ, ಕೈಗೆ ದಪ್ಪ ಗವಸು. ಕೆಲಸದವಳು ನೀರಿನ ಬಕೆಟ್ ಹಿಡಿದು ಹಿತ್ತಲ ಬಾಗಿಲಿಗೆ ಬಂದರೆ, "ನೀರು ತರ್ಬೇಡ ಇತ್ಲಾಗೆ, ಸಿಡೀತದೆ!" ಎಂದು ಗುಡುಗುತ್ತಿದ್ದರು. ಬಾಣಲೆಯಲ್ಲಿ ಕನ್ನಡದ ಅಕ್ಷರಗಳು ಒಂದೊಂದಾಗಿ ಮುಳುಗಿ ಬೆಳ್ಳಿಯ ಹಾಗೆ ಹೊಳೆಯುವುದನ್ನು ನೋಡುತ್ತಾ ನಾನು ಮೊದಲ ದಿನ ಬಾಯಿ ಬಿಟ್ಟುಕೊಂಡು ನಿಂತುಬಿಟ್ಟೆ.

"ಏನ್ ನೋಡ್ತಿದ್ದೀಯಾ? ಅಚ್ಚು ಮುಚ್ಚು!"

ಇಟ್ಟಿಗೆಯ ಮೇಲಿದ್ದ ಅಚ್ಚಿನ ಹಿಡಿಗಳನ್ನು ಬಲಗೈಯಲ್ಲಿ ಹಿಡಿದೆ. ಒತ್ತಿದೆ. ಮುಚ್ಚಲಿಲ್ಲ. ಎಡಗೈ ಸೇರಿಸಿದೆ. "ಎಡಗೈ ತೆಗಿ, ಅಡ್ಡ ಬರ್ತದೆ, ನಂಗೆ ತೂತು ಕಾಣಲ್ಲ" ಎಂದರು. ಹಲ್ಲು ಕಚ್ಚಿ ಒತ್ತಿದೆ. ಅಂತೂ ಮುಚ್ಚಿತು. ಸೌಟಿನಿಂದ ಸೀಸ ಹೊಯ್ದರು. ಅದು ಗಟ್ಟಿಯಾದ ಮೇಲೆ ಮುಚ್ಚಳವನ್ನು ಮರದ ಕೋಲಿನಿಂದ ತಟ್ಟಿ ಸರಿಸಿ, "ತೆಗಿ" ಎಂದರು. ಬಿದ್ದ ಗುಂಡು ಒಣದ್ರಾಕ್ಷಿಯಂತೆ ಸುಕ್ಕಾಗಿತ್ತು.

"ಕೆಟ್ಟೋಯ್ತು" ಎಂದೆ, ಅಳುವ ಹಾಗಾಗಿ.

"ಮೊದಲ್ನೇ ದೋಸೆ ಯಾರ ಮನೇಲಿ ನೆಟ್ಟಗೆ ಬರ್ತದೆ? ಕಾವಲಿ ಕಾಯ್ಬೇಕು. ಮುಚ್ಚು ಮತ್ತೆ."

ಹೀಗೆ ಶುರುವಾಯಿತು ನಮ್ಮ ಕಾರ್ಖಾನೆ. ದಿನಾ ಬೆಳಿಗ್ಗೆ ಅವರ ಪೂಜೆ ಮುಗಿದು ತಿಂಡಿಯಾದ ಮೇಲೆ ಕೂತರೆ ಬಿಸಿಲು ಏರುವವರೆಗೂ ಮುಚ್ಚು, ತೆಗಿ, ಮುಚ್ಚು, ತೆಗಿ. ದೀಪದ ಕಪ್ಪಿಗೆ ಅಚ್ಚನ್ನು ಹಿಡಿದು ಒಳಗೆಲ್ಲ ಮಸಿ ಕಟ್ಟಿಸಿದರೆ ಗುಂಡು ಅಂಟದೆ ಬೀಳುತ್ತದೆ ಎಂದು ಅತ್ತೆ ಎಲ್ಲೋ ಕಲಿತು ಬಂದಿದ್ದರು. "ಕೂಸಿಗೆ ಕಾಡಿಗೆ ಹಚ್ದಂಗೆ ಹಚ್ಬೇಕು" ಅನ್ನುತ್ತಿದ್ದರು. ಕೈ ನೋಯುತ್ತಿತ್ತು, ಕಣ್ಣಲ್ಲಿ ನೀರು ಬರುತ್ತಿತ್ತು. ಆದರೆ ಎದುರಿಗೆ ಸೌಟಿನಲ್ಲಿ ಕುದಿಯುವ ಸೀಸ ಹಿಡಿದು ಅತ್ತೆ ನಿಂತಿರುವಾಗ ಅಳಲು ಯಾವ ಸೊಸೆಗೆ ಧೈರ್ಯವಿದೆ, ನೀವೇ ಹೇಳಿ!

ಪಕ್ಕದ ಮನೆಯ ರಾಯರು ಒಂದು ದಿನ ಕಾಂಪೌಂಡಿನ ಮೇಲಿಂದ ಇಣುಕಿದರು. ಅವರ ತಾತ ಅರಮನೆಯಲ್ಲಿ ವಿದ್ವಾಂಸರಾಗಿದ್ದರು. ಮೊಮ್ಮಗನಿಗೆ ವಿದ್ವತ್ತಿಗಿಂತ ಕುತೂಹಲ ಹೆಚ್ಚು. ಹಿಂದಿನ ದಿನವಷ್ಟೇ, ಅವರ ತೆಂಗಿನಮರದ ಗರಿ ನಮ್ಮ ಕಡೆ ಬಿತ್ತೆಂದು ಅತ್ತೆಗೂ ಅವರಿಗೂ ಸಣ್ಣ ಮಾತುಕತೆಯಾಗಿತ್ತು.

"ಏನಮ್ಮಾ, ಬೆಳಬೆಳಿಗ್ಗೆಯೇ ಏನೋ ಕರೀತಾ ಇದ್ದೀರಿ? ಪರಿಮಳವೇ ಇಲ್ಲವಲ್ಲ!"

"ಕರೀತಿಲ್ಲ ರಾಯ್ರೇ, ರಿವಾಲ್ವರ್‌ಗೆ ಗುಂಡು ಎರೀತಿದ್ದೀವಿ."

"ಯಾ... ಯಾರಿಗೆ?"

ಅತ್ತೆ ತಲೆ ಎತ್ತಿ, "ಇನ್ನೂ ತೀರ್ಮಾನ ಆಗಿಲ್ಲ" ಎಂದರು. ಅಂದಿನಿಂದ ಆ ಮರದ ಗರಿಗಳು ಬೀಳುವುದೇ ನಿಂತುಹೋಯಿತು. ಬೀಳುವ ಮುಂಚೆಯೇ ರಾಯರು ಆಳು ಹತ್ತಿಸಿ ಇಳಿಸಿಬಿಡುತ್ತಿದ್ದರು. ಮೇಲಾಗಿ ಒಂದು ಬಟ್ಟಲು ಹುಳಿಯವಲಕ್ಕಿ ಬೇರೆ ಬಂತು.

ಬರಬರುತ್ತಾ ಗುಂಡುಗಳು ನುಣುಪಾದವು. ಎಷ್ಟು ಎರೆದರೂ ಸೀಸ ಮುಗಿಯುತ್ತಿರಲಿಲ್ಲ. ಸಾಹೇಬರು ಧಾರಾಳಿ ಅಂದುಕೊಂಡೆ. ದಿನದ ಕೊನೆಗೆ ಅತ್ತೆ ಗುಂಡುಗಳನ್ನು ಡಬ್ಬಿಗೆ ಹಾಕಿ ಒಳಗೆ ಒಯ್ಯುತ್ತಿದ್ದರು. ಅವನ್ನು ಕ್ಲಬ್ಬಿಗೆ ಕೊಟ್ಟು ಬರುತ್ತಾರೆ, ಅಲ್ಲಿ ಮದ್ದು ತುಂಬಿಸಿ ಸ್ಪರ್ಧೆಯಲ್ಲೂ ಅವನ್ನೇ ಹೊಡೆಯುತ್ತಾರೆ ಎಂದು ನಾನು ನಂಬಿದ್ದೆ. ಮಾರನೇ ದಿನ ನಾನು ಬರುವಷ್ಟರಲ್ಲಿ ಬಾಣಲೆಯಲ್ಲಿ ಸೀಸ ಕರಗಿ ಸಿದ್ಧವಾಗಿರುತ್ತಿತ್ತು. ಆಮೇಲೆ ಇನ್ನೊಂದು ಗಮನಿಸಿದೆ. ಅಚ್ಚು ಮೊದಲಿನಷ್ಟು ಬಿಗಿಯಾಗಿರಲಿಲ್ಲ.

"ಅತ್ತೆ, ಅಚ್ಚಿನ ಕೀಲು ಸಡಿಲ ಆಗ್ತಿದೆ. ಈಗ ಸಲೀಸಾಗಿ ಮುಚ್ಚುತ್ತೆ."

ಅತ್ತೆ ಬಾಣಲೆಯಿಂದ ಕಣ್ಣು ತೆಗೆಯಲಿಲ್ಲ. "ಊಂ ಕಣಮ್ಮ. ಹಳೇದಲ್ವಾ. ಕೀಲೇ ಇರ್ಬೇಕು" ಎಂದರು.

ಸ್ಪರ್ಧೆ ಮೇ ತಿಂಗಳ ಕೊನೆಯ ಭಾನುವಾರ. ಅದರ ಮಾರನೇ ದಿನ ನಾನು ಶಾಲೆಗೆ ಹೋಗಿ ಬ್ರಷ್ ಹಿಡಿದು ತೋರಿಸಬೇಕಿತ್ತು. ಮನೆಯಲ್ಲಿ ಬ್ರಷ್ ಇರಲಿಲ್ಲವೆಂದಲ್ಲ. ಮುಟ್ಟಲು ಹೆದರಿಕೆ. ಮುಟ್ಟಿ, ಅದು ಬೆರಳಿಂದ ಜಾರಿ ಬಿದ್ದರೆ? ಆಮೇಲೆ ಯಾವ ಆಸೆ ಇಟ್ಟುಕೊಂಡು ಬದುಕುವುದು? ಸ್ಪರ್ಧೆಯ ದಿನವೂ ಅದನ್ನು ಮುಟ್ಟಲಿಲ್ಲ. ಆದರೂ ನಮ್ಮ ಗುಂಡು ಬೊಟ್ಟಿಗೆ ಬೀಳುವುದನ್ನು ಕಣ್ಣಾರೆ ನೋಡಬೇಕೆಂದು ಅತ್ತೆಯ ಜೊತೆ ಕ್ಲಬ್ಬಿಗೆ ಹೋದೆ. ನಮ್ಮ ಗುಂಡು! ನಾನು ಮುಚ್ಚಿ, ನಾನು ತೆಗೆದದ್ದು! ನನಗೂ ಸ್ವಲ್ಪ ಕೊಂಬು ಬಂದಿತ್ತು ಅನ್ನಿ.

ಅತ್ತೆ ಹೋಗಿ ಸಾಲಿನಲ್ಲಿ ನಿಂತರು. ಕ್ಲಬ್ಬಿನ ಕಾರ್ಯದರ್ಶಿ ಮೇಜಿನ ಮೇಲೆ ತೋಟಾಗಳನ್ನು ಎಣಿಸಿ ಕೊಡುತ್ತಿದ್ದರು. ನೋಡಿದರೆ ಎಲ್ಲವೂ ಕಾರ್ಖಾನೆಯಿಂದ ಬಂದ ಹೊಸ ಮಾಲು, ತಾಮ್ರದ ಮೂತಿಯವು. ನನಗೆ ತಡೆಯಲಾಗಲಿಲ್ಲ.

"ಸಾರ್, ನಮ್ಮತ್ತೆ ಎರೆದು ತಂದ ಗುಂಡು ಯಾವುದರಲ್ಲಿ ಹಾಕಿದ್ದೀರಿ?"

"ಯಾವ ಗುಂಡು?" ಎಂದರು ಅವರು. "ಓ, ಆ ಅಚ್ಚಿನ ಕಥೆನಾ? ಅದೆಲ್ಲ ನಡೆಯೋಲ್ಲಮ್ಮ. ಬೇರೆ ಪರವಾನಗಿ ಬೇಕು. ಅಚ್ಚು ತಂದು ತೋರಿಸಿದ ದಿವಸವೇ ಹೇಳಿಬಿಟ್ಟೆನಲ್ಲ. ಮನೇಲಿ ಒಂದು ಗುಂಡೂ ಇಟ್ಟುಕೊಳ್ಳಬೇಡಿ, ಏನಾದರೂ ಎರೆದಿದ್ದರೆ ಕರಗಿಸಿಬಿಡಿ ಅಂದೆ. ಪಾಪ, ಹೂಂ ಅಂತ ಹೋದರು."

ಆಗ ಲೆಕ್ಕ ಸಿಕ್ಕಿತು. ಬೇಸಿಗೆಯುದ್ದಕ್ಕೂ ನಾವು ಎರೆದದ್ದು ಒಂದೇ ಸೀಸ. ಇಂದು ಗುಂಡಾದದ್ದನ್ನು ನಾಳೆ ನಾನು ಬರುವ ಮುಂಚೆ ಅವರು ಕರಗಿಸಿಟ್ಟಿದ್ದಾರೆ. ಕಾನೂನನ್ನೂ ಮೀರಲಿಲ್ಲ ಮಹಾತಾಯಿ, ಹೇಳಿದ ಹಾಗೆ ಪ್ರತಿಯೊಂದನ್ನೂ ಕರಗಿಸಿದ್ದಾರೆ! ಎಪ್ಪತ್ತು ದಾಟಿದ ಜೀವ, ಬಿಸಿಲಲ್ಲಿ, ಇದ್ದಲ ಕಾವಿನಲ್ಲಿ ಮುಖ ಕೆಂಪಗೆ ಮಾಡಿಕೊಂಡು, ಯಾವ ರಿವಾಲ್ವರಿಗೂ ಹೋಗದ ಗುಂಡುಗಳನ್ನು ಬೇಸರವಿಲ್ಲದೆ ಎರೆದಿದ್ದಾರೆ. ಕಲ್ಲು ಮನಸ್ಸು ಅಂದುಕೊಂಡಿದ್ದೆನಲ್ಲ ಇವರನ್ನು!

ಢಂ ಢಂ ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಅತ್ತೆ ಕಿವಿಯ ಮುಚ್ಚಳ ತೆಗೆಯುತ್ತಾ ನಗುನಗುತ್ತಾ ಬಂದು ನನ್ನ ಪಕ್ಕ ಬೆಂಚಿನ ಮೇಲೆ ಕೂತರು.

"ಗೆದ್ದೆ ಕಣಮ್ಮ ಈ ಸಲಾನೂ!"

"ಅತ್ತೆ, ಕ್ಲಬ್ಬಿನವರು ಮೊದಲನೇ ದಿನವೇ ಬೇಡ ಅಂದಿದ್ರಂತೆ?"

ನಗು ನಿಂತಿತು. "ಅವ್ರಿಗೆ ಬಾಯಿ ನಿಲ್ಲಲ್ಲ" ಎಂದು ಗೊಣಗಿ, ಕಾರ್ಯದರ್ಶಿಯ ಕಡೆ ದುರುಗುಟ್ಟಿ ನೋಡಿದರು. "ಅಂದಿದ್ರು. ಅದಕ್ಕೇನೀಗ?"

"ಮತ್ತೆ ದಿನಾ ಯಾಕೆ ಎರೆಸಿದ್ರಿ ನನ್ನ ಕೈಲಿ?"

ಅತ್ತೆ ಸಂಚಿ ಬಿಚ್ಚಿದರು. ಎಲೆ ತೆಗೆದರು. ಸುಣ್ಣ ಹಚ್ಚಲಿಲ್ಲ, ಮತ್ತೆ ಒಳಗಿಟ್ಟರು.

"ನಿನ್ ಕೈ ನೀನು ಸರಿ ಮಾಡ್ಕೊ ಅಂದ್ರೆ ನೀನ್ ಮಾಡ್ತಿರ್ಲಿಲ್ಲ. ನಂಗೆ ಕೈ ಸಾಲ್ದು ಬಾ ಅಂದ್ರೆ, ಬರಲ್ಲ ಅನ್ನೋಳಲ್ಲ ನೀನು. ಇಷ್ಟ್ ವರ್ಷ ನೋಡಿಲ್ವಾ ನಿನ್ನ ನಾನು?"

ನಮ್ಮ ಮನೆಯಲ್ಲಿ ಅತ್ತೆಗೆ ಸೊಸೆ ಥ್ಯಾಂಕ್ಸ್ ಹೇಳುವ ಪದ್ಧತಿಯಿಲ್ಲ. ಹೇಳಲು ಹೋದರೆ ಬರೀ ಅಳು ಬಂತು. ಮುಸುಕಿಲ್ಲ, ಸೌಟಿಲ್ಲ, ಯಾರ ಹೆದರಿಕೆಯೂ ಇಲ್ಲದೆ ಅತ್ತುಬಿಟ್ಟೆ. ಅವರ ಕೈಯನ್ನು ಎಳೆದು ನನ್ನ ಕೈಯೊಳಗೆ ಹಿಡಿದುಕೊಂಡೆ.

"ಬುಡಮ್ಮ" ಎಂದರು ಅತ್ತೆ. "ಬುಡೇ, ಬೆರಳು ನೋಯ್ತದೆ."

ಆಗ ಕೆಳಗೆ ನೋಡಿದೆ. ಹಿಡಿದದ್ದು ನನ್ನ ಬಲಗೈ. ನಾನು ಬಿಡಲಿಲ್ಲ.